ಮೇಲ್ ಪ್ರೋಗ್ರಾಂಗೆ ಎಂಥ ಹೆಲ್ಪ್ ಮೆನು ಬೇಕು? ಇರುವ ದಾರಿಗಳನ್ನು ಹೋಲಿಸಿ ನೋಡೋಣ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಶಿರಸಿಯಿಂದ ಸೋದರಮಾವ ಫೋನ್ ಮಾಡಿದರು. ಅಡಿಕೆ ವ್ಯಾಪಾರದ ಲೆಕ್ಕಪತ್ರ ಅವರಿಗೆ ಮೇಲ್‌ನಲ್ಲೇ ಬರುತ್ತದೆ. ಹಿಂದಿನ ರಾತ್ರಿಯಿಂದ ಒಂದೂ ಮೇಲ್ ಬಂದಿರಲಿಲ್ಲ.

"ಮಾವ, ಮೇಲ್ಗಡೆ ಹೆಲ್ಪ್ ಅಂತ ಇದೆಯಾ ನೋಡಿ."

"ಎಲ್ಲೂ ಇಲ್ವಲ್ಲೋ. ಬಲಗಡೆ ಮೂಲೇಲಿ ಮೂರು ಗೆರೆ ಇದೆ."

"ಅದನ್ನೇ ಒತ್ತಿ."

"ಒತ್ತಿದೆ. ಉದ್ದಕ್ಕೆ ಏನೇನೋ ಬಂತು. ಯಾವುದು?"

ಕೆಳಗಿಂದ ಎರಡನೆಯದು ಎಂದೆ. ನನ್ನ ಕಂಪ್ಯೂಟರಿನಲ್ಲಿ ಹಾಗಿತ್ತು. ಅವರದ್ದು ಹಳೆಯ ಆವೃತ್ತಿ, ಅಲ್ಲಿ ಜಾಗ ಬೇರೆ. ಹುಡುಕಿ ಹುಡುಕಿ ಕೊನೆಗೆ ಹೆಲ್ಪ್ ಸಿಕ್ಕಿತು, ಒತ್ತಿದರು. ಬ್ರೌಸರ್ ತೆರೆದುಕೊಂಡಿತು, ಪುಟ ಮಾತ್ರ ಬರಲಿಲ್ಲ. ಗಾಳಿಮಳೆಗೆ ಕೇಬಲ್ ತುಂಡಾಗಿ ನೆಟ್ಟೇ ಇರಲಿಲ್ಲ. ಮೇಲ್ ಬಾರದೆ ಇದ್ದದ್ದಕ್ಕೂ ಅದೇ ಕಾರಣ. ಇಷ್ಟು ಗೊತ್ತಾಗಲು ನಮಗೆ 20 ನಿಮಿಷ ಹಿಡಿಯಿತು. ಅಷ್ಟರಲ್ಲಿ ಮಾವ ಮೂರು ಸಲ ಕೇಳಿದ್ದರು: "ಹಳೇ ಮೇಲೆಲ್ಲ ಹೋಯ್ತೇನೋ?"

ಆವತ್ತಿನಿಂದ ನಾನು ಯಾವ ಮೇಲ್ ಪ್ರೋಗ್ರಾಂ ನೋಡಿದರೂ ಮೊದಲು ಅದರ ಹೆಲ್ಪ್ ಮೆನು ತೆರೆಯುತ್ತೇನೆ. ಈ ಮೆನುವನ್ನು ಬಳಸುವವರು ಹೆಚ್ಚಿನ ಸಲ ಇಬ್ಬರು. ಒಬ್ಬರು ಪರದೆಯ ಮುಂದೆ ಕೂತಿರುತ್ತಾರೆ, ಇನ್ನೊಬ್ಬರು ಫೋನಿನ ಆ ತುದಿಯಲ್ಲಿ. ಇಬ್ಬರಿಗೂ ಒಂದೇ ಚಿತ್ರ ಕಾಣುತ್ತಿಲ್ಲ. ಅದೂ ಮೇಲ್ ಪ್ರೋಗ್ರಾಂ ಅಂದರೆ ಇನ್ನೊಂದು ತೊಡಕಿದೆ. ಬೇರೆ ಪ್ರೋಗ್ರಾಂ ಕೆಟ್ಟರೆ ಗೊತ್ತಿದ್ದವರಿಗೆ ಮೇಲ್ ಬರೆದು ಕೇಳಬಹುದು. ಮೇಲ್ ಪ್ರೋಗ್ರಾಮೇ ಕೆಟ್ಟರೆ?

ನೀವು ಮೇಲ್ ಪ್ರೋಗ್ರಾಂ ಕಟ್ಟುತ್ತಿದ್ದರೆ, ಅಥವಾ ಒಂದನ್ನು ಕನ್ನಡಕ್ಕೆ ತರುತ್ತಿದ್ದರೆ, ಕೆಳಗಿನ ಹೋಲಿಕೆಗಳು ಉಪಯೋಗಕ್ಕೆ ಬರಬಹುದು. ಉದಾಹರಣೆಗೆ ಥಂಡರ್‌ಬರ್ಡ್, ಔಟ್‌ಲುಕ್, ಮ್ಯಾಕ್‌ನ ಮೇಲ್, ಕೆಮೇಲ್, ಎವಲ್ಯೂಶನ್ ಇವಿಷ್ಟನ್ನು ಇಟ್ಟುಕೊಂಡಿದ್ದೇನೆ.

ಹೆಲ್ಪ್ ಪುಸ್ತಕ ಒಳಗಿರಬೇಕೋ, ನೆಟ್‌ನಲ್ಲಿರಬೇಕೋ?

ಎಲ್ಲಕ್ಕಿಂತ ದೊಡ್ಡ ಆಯ್ಕೆ ಇದು. ಹಾಗಾಗಿ ಇದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ.

ಮೊದಲೆಲ್ಲ ಹೆಲ್ಪ್ ಪ್ರೋಗ್ರಾಂ ಜೊತೆಗೇ ಬರುತ್ತಿತ್ತು. ಎಫ್1 ಒತ್ತಿದರೆ ಹೆಲ್ಪ್ ಬರಬೇಕು ಎಂಬ ವಾಡಿಕೆಯನ್ನು ಗಟ್ಟಿ ಮಾಡಿದ್ದು ಐಬಿಎಂ 1987ರಲ್ಲಿ ತಂದ ನಿಯಮಾವಳಿ. 1990ರ ವಿಂಡೋಸ್ 3.0 ಜೊತೆ ಹೆಲ್ಪ್ ಪುಟಗಳನ್ನು ತೋರಿಸುವ ವಿನ್‌ಹೆಲ್ಪ್ ಬಂತು. 1997ರಲ್ಲಿ ಅದರ ಜಾಗಕ್ಕೆ ಎಚ್‌ಟಿಎಂಎಲ್ ಹೆಲ್ಪ್ ಬಂತು. ಎಡಗಡೆ ಪರಿವಿಡಿ, ಬಲಗಡೆ ಪುಟ, ಹಳಬರಿಗೆ ನೆನಪಿರುತ್ತದೆ. ವಿಂಡೋಸ್ ವಿಸ್ಟಾ ಬರುವ ಹೊತ್ತಿಗೆ ಮೈಕ್ರೋಸಾಫ್ಟ್ ವಿನ್‌ಹೆಲ್ಪನ್ನು ಕೈಬಿಟ್ಟಿತು. ಆಮೇಲೆ ಒಬ್ಬೊಬ್ಬರಾಗಿ ಹೆಲ್ಪ್ ಪುಸ್ತಕವನ್ನು ವೆಬ್‌ಸೈಟಿಗೆ ಸಾಗಿಸಿದರು.

ಇವತ್ತು ಥಂಡರ್‌ಬರ್ಡ್‌ನಲ್ಲಿ ಹೆಲ್ಪ್ ಒತ್ತಿದರೆ ವೆಬ್ ಪುಟ ತೆರೆಯುತ್ತದೆ. ಲಿನಕ್ಸ್ ಕಡೆಯ ಎವಲ್ಯೂಶನ್ ಮತ್ತು ಕೆಮೇಲ್ ಹಳೆಯ ದಾರಿ ಬಿಟ್ಟಿಲ್ಲ. ಎವಲ್ಯೂಶನ್‌ನಲ್ಲಿ ಎಫ್1 ಒತ್ತಿದರೆ ಗ್ನೋಮ್ ಎಂಬ ಲಿನಕ್ಸ್ ಡೆಸ್ಕ್‌ಟಾಪಿನ ಹೆಲ್ಪ್ ಕಿಟಕಿ ತೆರೆಯುತ್ತದೆ. ಕೆಮೇಲ್‌ನಲ್ಲಿ ಅದರ ಕೈಪಿಡಿ ಬರುತ್ತದೆ. ಕೈಪಿಡಿಯ ಪ್ಯಾಕೇಜ್ ಹಾಕಿಕೊಂಡಿದ್ದರೆ ನೆಟ್ ಇಲ್ಲದೆಯೂ ಓದಬಹುದು.

ವೆಬ್‌ನ ಪರವಾಗಿ ಹೇಳುವ ಮಾತಿನಲ್ಲಿ ಹುರುಳಿದೆ. 2023ರ ಜುಲೈನಲ್ಲಿ ಥಂಡರ್‌ಬರ್ಡ್ 115 ಬಂದಾಗ ಅದರ ಮುಖವೇ ಬದಲಾಯಿತು. ಮೇಲಿನ ಪಟ್ಟಿ ಹೊಸದು, ಮೂರು ಗೆರೆಯ ಗುಂಡಿಯ ಜಾಗ ಹೊಸದು. ಇಂಥ ಹೊತ್ತಿನಲ್ಲಿ ವೆಬ್ ಪುಟವನ್ನು ಒಂದೇ ದಿನದಲ್ಲಿ ತಿದ್ದಬಹುದು. ಒಳಗಿನ ಪುಸ್ತಕವನ್ನು ತಿದ್ದಬೇಕಾದರೆ ಮುಂದಿನ ಅಪ್‌ಡೇಟ್ ತನಕ ಕಾಯಬೇಕು. ಮೇಲ್ ಕಂಪನಿಗಳೂ ಸುಮ್ನೆ ಕೂರುವುದಿಲ್ಲ. 2022ರ ಮೇ 30ರಿಂದ ಗೂಗಲ್ ತನ್ನ ಸಾಮಾನ್ಯ ಖಾತೆಗಳಿಗೆ ಬರೀ ಪಾಸ್‌ವರ್ಡ್ ಹಾಕಿ ಹೊರಗಿನ ಪ್ರೋಗ್ರಾಂನಿಂದ ಒಳಬರುವುದನ್ನು ನಿಲ್ಲಿಸಿತು. ಪಾಸ್‌ವರ್ಡ್ ಸರಿಯಾಗಿಯೇ ಇದೆ, ಆದರೂ ತಪ್ಪು ಎನ್ನುತ್ತದೆ. ಹಳೆಯ ಪುಸ್ತಕ ತೆರೆದರೆ "ಪಾಸ್‌ವರ್ಡ್ ಸರಿಯಾಗಿ ಟೈಪ್ ಮಾಡಿ" ಎಂದೇ ಹೇಳುತ್ತಿರುತ್ತದೆ. ಇಂಥದ್ದಕ್ಕೆ ವೆಬ್ಬೇ ಸರಿ.

ಆದರೆ ಹೆಲ್ಪ್ ಮೆನು ತೆರೆಯುವವರಲ್ಲಿ ಬಹಳ ಜನರ ದೂರು ಒಂದೇ: ಮೇಲ್ ಬರುತ್ತಿಲ್ಲ, ಅಥವಾ ಹೋಗುತ್ತಿಲ್ಲ. ಅದಕ್ಕೆ ಬಹಳ ಸಲ ನೆಟ್ಟೇ ಕಾರಣ. ನೆಟ್ ಇಲ್ಲದವರನ್ನು ನೆಟ್‌ನಲ್ಲಿರುವ ಪುಟಕ್ಕೆ ಕಳಿಸಿದರೆ ಏನು ಬಂತು?

ಹಾಗಾಗಿ ನನ್ನ ಆಯ್ಕೆ ಹೀಗಿದೆ. ಪುಸ್ತಕ ಪೂರ್ತಿ ವೆಬ್‌ನಲ್ಲಿರಲಿ. ಒಂದೇ ಒಂದು ಪುಟ ಮಾತ್ರ ಪ್ರೋಗ್ರಾಂ ಒಳಗಿರಲಿ. ಅದರ ಹೆಸರು "ಮೇಲ್ ಬರುತ್ತಿಲ್ಲ ಅಥವಾ ಹೋಗುತ್ತಿಲ್ಲ". ಅದು ಬರೀ ಓದುವ ಪುಟ ಆಗಬಾರದು, ತೆರೆದ ಕೂಡಲೇ ತಾನೇ ನೋಡಿ ಹೇಳಬೇಕು. ನೆಟ್ ಇದೆಯೋ ಇಲ್ಲವೋ. ಪ್ರೋಗ್ರಾಂ ಆಫ್‌ಲೈನ್‌ನಲ್ಲಿ ನಿಂತಿದೆಯೋ. ಪ್ರತಿ ಖಾತೆಗೂ ಕೊನೆಯ ಸಲ ಮೇಲ್ ಬಂದದ್ದು ಎಷ್ಟು ಹೊತ್ತಿಗೆ. ಕಳಿಸಲಾಗದೆ ಔಟ್‌ಬಾಕ್ಸ್‌ನಲ್ಲಿ ಎಷ್ಟು ಉಳಿದಿವೆ.

ಆಫ್‌ಲೈನ್ ವಿಷಯ ಚಿಕ್ಕದು ಅನ್ನಿಸಬಹುದು, ಚಿಕ್ಕದಲ್ಲ. ಥಂಡರ್‌ಬರ್ಡ್‌ನ ಕೆಳಗಿನ ಪಟ್ಟಿಯಲ್ಲಿ, ಎಡ ಮೂಲೆಯಲ್ಲಿ ಒಂದು ಪುಟ್ಟ ಚಿತ್ರ ಇದೆ. ಅದರ ಮೇಲೆ ಒಂದು ಸಲ ಕ್ಲಿಕ್ ಮಾಡಿದರೆ ಸಾಕು, ಪ್ರೋಗ್ರಾಂ ಆಫ್‌ಲೈನ್‌ಗೆ ಹೋಗಿ ಕೂರುತ್ತದೆ. ಔಟ್‌ಲುಕ್‌ನಲ್ಲೂ ಆಫ್‌ಲೈನ್ ಗುಂಡಿ ಇದೆ. ಕೈತಪ್ಪಿ ಒತ್ತಿದವರಿಗೆ ಒತ್ತಿದ್ದೇ ಗೊತ್ತಿರುವುದಿಲ್ಲ. ಬ್ರೌಸರ್‌ನಲ್ಲಿ ಎಲ್ಲ ಬರುತ್ತಿದೆ, ಮೇಲ್ ಮಾತ್ರ ಬರುತ್ತಿಲ್ಲ ಎಂದು ಗಾಬರಿಯಾಗುತ್ತಾರೆ. ನಮ್ಮ ಪುಟ "ನೀವು ಆಫ್‌ಲೈನ್‌ನಲ್ಲಿದ್ದೀರಿ" ಎಂದು ಹೇಳಿ, ಪಕ್ಕದಲ್ಲೇ "ಆನ್‌ಲೈನ್‌ಗೆ ಬನ್ನಿ" ಎಂಬ ಗುಂಡಿ ಇಟ್ಟರೆ ಅಲ್ಲಿಗೆ ಕೆಲಸ ಮುಗಿಯಿತು.

ಅದೇ ಪುಟದಲ್ಲಿ ಪೋರ್ಟ್ ಸಂಖ್ಯೆಗಳನ್ನೂ, ಅಂದರೆ ಮೇಲ್ ಸರ್ವರ್‌ಗೆ ಹೋಗುವ ಬಾಗಿಲುಗಳ ಸಂಖ್ಯೆಗಳನ್ನೂ ಬರೆದಿಡಿ: ಮೇಲ್ ತರಿಸುವ ಎರಡು ವಿಧಾನಗಳಾದ ಐಮ್ಯಾಪ್‌ಗೆ 993, ಪಾಪ್‌ಗೆ 995, ಕಳಿಸಲು 465 ಅಥವಾ 587. ಬಳಸುವವರಿಗೆ ಇವು ಬೇಕಾಗದೆ ಇರಬಹುದು. ಫೋನಿನ ಆ ತುದಿಯಲ್ಲಿರುವವರು ಕೇಳುವುದೇ ಇವನ್ನು.

ಇನ್ನೊಂದು ಸಾಲು ಕೂಡ ಇರಲೇಬೇಕು: "ಈಗಾಗಲೇ ಕಂಪ್ಯೂಟರಿಗೆ ಇಳಿದಿರುವ ಮೇಲ್‌ಗಳು ಇಲ್ಲೇ ಇವೆ." ಮಾವ ಮೂರು ಸಲ ಕೇಳಿದ್ದಕ್ಕೆ ಉತ್ತರ ಇದು.

ಮೆನು ಎಲ್ಲಿರಬೇಕು?

ಮೂರು ದಾರಿಗಳಿವೆ. ಮೇಲೆ ಸಾಲಾಗಿ ನಿಲ್ಲುವ ಹಳೆಯ ಮೆನು ಪಟ್ಟಿ. ಮೂರು ಗೆರೆಯ ಗುಂಡಿ. ಔಟ್‌ಲುಕ್‌ನಲ್ಲಿರುವ ಹಾಗೆ ರಿಬ್ಬನ್ ಎಂಬ ಗುಂಡಿಗಳ ಅಗಲ ಪಟ್ಟಿಯ ಮೇಲೊಂದು ಹೆಲ್ಪ್ ಟ್ಯಾಬ್.

ಮ್ಯಾಕ್‌ಗೆ ಕಟ್ಟುತ್ತಿದ್ದರೆ ಯೋಚನೆಯೇ ಬೇಡ. ಪರದೆಯ ನೆತ್ತಿಯಲ್ಲಿ ಮೆನು ಪಟ್ಟಿ ಯಾವಾಗಲೂ ಇರುತ್ತದೆ, ಮೆನುಗಳ ಸಾಲಿನಲ್ಲಿ ಹೆಲ್ಪ್ ಕೊನೆಯದು. "ಹೆಲ್ಪ್ ಒತ್ತಿ" ಎಂದರೆ ಸಾಕು, ಎಲ್ಲರಿಗೂ ಸಿಗುತ್ತದೆ.

ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಕಷ್ಟ ಇದೆ. ಥಂಡರ್‌ಬರ್ಡ್‌ನಲ್ಲಿ ಮೆನು ಪಟ್ಟಿ ಅಡಗಿದ್ದರೆ ಆಲ್ಟ್ ಕೀ ಅಥವಾ ಎಫ್10 ಒತ್ತಬೇಕು, ಆಗ ಕಾಣುತ್ತದೆ. ಇಲ್ಲದಿದ್ದರೆ ಮೂರು ಗೆರೆಯೇ ಗತಿ. ಜಾಗ ಉಳಿಯುತ್ತದೆ, ನೋಡಲು ಚೊಕ್ಕವಾಗಿರುತ್ತದೆ, ಒಪ್ಪುತ್ತೇನೆ. ಆದರೆ ಮೂರು ಗೆರೆಗೆ ಹೆಸರಿಲ್ಲ. ಹೆಸರಿಲ್ಲದ್ದನ್ನು ಫೋನಿನಲ್ಲಿ ತೋರಿಸುವುದು ಹೇಗೆ? "ಮೂರು ಗೆರೆ" ಎಂದಾಗ ಕೆಲವರು ಎಡಗಡೆಯ ಇನ್ನೊಂದು ಗುಂಡಿಯನ್ನು ಒತ್ತಿಬಿಡುತ್ತಾರೆ. ಹೆಲ್ಪ್ ಆ ಗೆರೆಗಳ ಒಳಗೆ ತಳದಲ್ಲಿ ಕೂತಿರುತ್ತದೆ, ಒತ್ತಿದರೆ ಮತ್ತೊಂದು ಪಟ್ಟಿ. ಎರಡು ಬಾಗಿಲು ದಾಟಿ ಒಳಗೆ ಹೋಗಬೇಕು.

ಔಟ್‌ಲುಕ್‌ನ ಹೆಲ್ಪ್ ಟ್ಯಾಬ್ ಎದುರಿಗೇ ಕಾಣುತ್ತದೆ, ಅದು ಒಳ್ಳೆಯದು. ಆದರೆ ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ ಆವೃತ್ತಿ ಯಾವುದು ಎಂದು ನೋಡಲು ಹೆಲ್ಪ್ ಟ್ಯಾಬ್‌ಗೆ ಹೋದರೆ ಸಿಗುವುದಿಲ್ಲ. ಫೈಲ್‌ಗೆ ಹೋಗಿ, ಅಲ್ಲಿ ಆಫೀಸ್ ಅಕೌಂಟ್‌ಗೆ ಹೋಗಿ, ಅಬೌಟ್ ಔಟ್‌ಲುಕ್ ಒತ್ತಬೇಕು. ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆಯೇ "ಯಾವ ಆವೃತ್ತಿ?" ಅಲ್ವಾ?

ಇವುಗಳಲ್ಲಿ ನಾನು ಆರಿಸುವುದು ಹಳೆಯ ಮೆನು ಪಟ್ಟಿಯನ್ನೇ. ಜಾಗ ಸಾಲದು ಎನ್ನುವವರು ಉಳಿದದ್ದನ್ನೆಲ್ಲ ಮೂರು ಗೆರೆಯೊಳಗೆ ಹಾಕಲಿ, "ಹೆಲ್ಪ್" ಎಂಬ ಪದವೊಂದನ್ನು ಹೊರಗಿಡಲಿ. ಎಫ್1 ಮಾತ್ರ ಯಾವ ದಾರಿ ಹಿಡಿದರೂ ಕೆಲಸ ಮಾಡಬೇಕು. ಕೀಬೋರ್ಡಿನ ಮೇಲೆ ಅದು ಅಚ್ಚಾಗಿದೆ. ಯಾರಿಗೆ ಹೇಳಿದರೂ ಸಿಗುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದರ ಜೊತೆ ಎಫ್‌ಎನ್ ಕೀಯನ್ನೂ ಹಿಡಿಯಬೇಕಾಗುತ್ತದೆ, ಅದನ್ನೂ ಹೇಳಿಕೊಡಿ.

ಪಟ್ಟಿಯೋ, ಹುಡುಕುವ ಜಾಗವೋ?

ಮ್ಯಾಕ್‌ನ ಹೆಲ್ಪ್ ಮೆನುವಿನ ತಲೆಯಲ್ಲಿ ಹುಡುಕುವ ಜಾಗ ಇದೆ. 2007ರಲ್ಲಿ ಬಂದ ಲೆಪರ್ಡ್ ಎಂಬ ಮ್ಯಾಕ್ ಆವೃತ್ತಿಯ ಕಾಲದಿಂದಲೂ ಇದೆ. ಅದರಲ್ಲಿ ಒಂದು ಪದ ಟೈಪ್ ಮಾಡಿ, ಬಂದ ಮೆನು ಸಾಲಿನ ಮೇಲೆ ಮೌಸ್ ಇಟ್ಟರೆ, ಆ ಸಾಲು ಯಾವ ಮೆನುವಿನಲ್ಲಿದೆಯೋ ಆ ಮೆನು ತಾನೇ ತೆರೆದುಕೊಂಡು ಒಂದು ನೀಲಿ ಬಾಣ ಅಲ್ಲಾಡುತ್ತ ತೋರಿಸುತ್ತದೆ. ಹೆಲ್ಪ್ ಅಂದರೆ ಹೀಗಿರಬೇಕು ಅನ್ನಿಸುತ್ತದೆ ನನಗೆ. ಓದಿ ಅಂತ ಪುಸ್ತಕ ಕೊಡುವುದಿಲ್ಲ, ಕೈಹಿಡಿದು ಕರೆದುಕೊಂಡು ಹೋಗುತ್ತದೆ. ಮುಂದಿನ ಸಲ ಜಾಗ ನೆನಪಿರುತ್ತದೆ.

ಮೈಕ್ರೋಸಾಫ್ಟ್ 2016ರ ಆಫೀಸ್‌ನಲ್ಲಿ "ಏನು ಮಾಡಬೇಕು ಹೇಳಿ" ಎಂಬರ್ಥದ ಜಾಗ ತಂದಿತು, ಪಕ್ಕದಲ್ಲಿ ಬಲ್ಬಿನ ಚಿತ್ರ. ಅಲ್ಲಿ ಹುಡುಕಿದರೆ ಗುಂಡಿಯೇ ಕೈಗೆ ಸಿಗುತ್ತದೆ. ಕೆಲಸ ಬೇಗ ಆಗುತ್ತದೆ, ಆದರೆ ಆ ಗುಂಡಿ ಎಲ್ಲಿತ್ತು ಎಂದು ಗೊತ್ತಾಗುವುದಿಲ್ಲ. ದಿನವೂ ಮೇಲ್ ಬಳಸುವವರಿಗೆ ಮ್ಯಾಕ್‌ನ ದಾರಿ ಮೇಲು. ವರ್ಷಕ್ಕೊಮ್ಮೆ ಮಾಡುವ ಕೆಲಸಕ್ಕೆ, ಉದಾಹರಣೆಗೆ ರಜೆಯ ಉತ್ತರ ಹಾಕಿಡಲು, ಆಫೀಸ್‌ನ ದಾರಿಯೇ ಸಾಕು.

ಎರಡಕ್ಕೂ ಒಂದು ಕೊರತೆ ಇದೆ. ಮೆನುವಿನಲ್ಲಿ ಯಾವ ಪದ ಬರೆದಿದೆಯೋ ಅದನ್ನೇ ಟೈಪ್ ಮಾಡಿದವರಿಗೆ ಒಳ್ಳೆಯ ಫಲ ಸಿಗುತ್ತದೆ. ಜನ ಹಾಗೆ ಕೇಳುವುದಿಲ್ಲ. ಮೆನುವಿನಲ್ಲಿ "ಸಹಿ" ಎಂದಿದ್ದರೆ ಅವರು "ಕೆಳಗೆ ಹೆಸರು" ಎಂದು ಹುಡುಕುತ್ತಾರೆ. "ಲಗತ್ತು" ಎಂದಿದ್ದರೆ "ಅಟ್ಯಾಚ್", "ಫೈಲ್ ಕಳಿಸು", "ಫೋಟೋ" ಎನ್ನುತ್ತಾರೆ. ಕನ್ನಡದವರು ಒಂದೇ ಪದವನ್ನು ಕನ್ನಡ ಲಿಪಿಯಲ್ಲೂ ಬರೆಯುತ್ತಾರೆ, ಇಂಗ್ಲಿಷ್ ಅಕ್ಷರದಲ್ಲೂ ಬರೆಯುತ್ತಾರೆ. ಹುಡುಕುವ ಜಾಗ ಇಡುವುದಾದರೆ ಪ್ರತಿ ಸಾಲಿಗೂ ಇಂಥ ನಾಲ್ಕೈದು ಅಡ್ಡಹೆಸರು ಸೇರಿಸಲು ಒಬ್ಬರು ಕೂರಬೇಕು. ಅಷ್ಟು ಕೈಗಳಿಲ್ಲದಿದ್ದರೆ ಹುಡುಕುವ ಜಾಗ ಬೇಡ. ಏಳು ಸಾಲಿನ ಒಳ್ಳೆಯ ಪಟ್ಟಿ ಇಡಿ. "ಏನೂ ಸಿಗಲಿಲ್ಲ" ಎಂಬ ಉತ್ತರ ಓದಿದವರು ಎರಡನೇ ಸಲ ಹುಡುಕುವುದಿಲ್ಲ.

ಕೆಮೇಲ್‌ನ ಹೆಲ್ಪ್ ಮೆನುವಿನಲ್ಲಿ ಇನ್ನೊಂದು ಹಳೆಯ ಉಪಾಯ ಉಳಿದಿದೆ. "ಇದೇನು?" ಎಂಬ ಸಾಲು. ಶಿಫ್ಟ್ ಹಿಡಿದು ಎಫ್1 ಒತ್ತಿ, ಪರದೆಯ ಮೇಲಿನ ಯಾವುದಾದರೂ ಗುಂಡಿಯನ್ನು ಮುಟ್ಟಿದರೆ ಅದು ಏನು ಎಂದು ವಿವರ ಬರುತ್ತದೆ. ವಿವರ ಬರೆದಿಟ್ಟಲ್ಲಿ ಇದು ತುಂಬಾ ಚೆನ್ನಾಗಿದೆ. ಬರೆಯದೆ ಬಿಟ್ಟ ಕಡೆ ಏನೂ ಬರುವುದಿಲ್ಲ.

ಕೆಟ್ಟದ್ದನ್ನು ಪತ್ತೆ ಮಾಡುವ ಸಾಲುಗಳು

ಇದರಲ್ಲಿ ಥಂಡರ್‌ಬರ್ಡ್ ಬೇರೆಯವರಿಗಿಂತ ಮುಂದಿದೆ. ಹೆಲ್ಪ್ ಮೆನುವಿನಲ್ಲೇ ಎರಡು ಸಾಲುಗಳಿವೆ. ಒಂದು, ಆಡ್‌ಆನ್‌ಗಳನ್ನೆಲ್ಲ, ಅಂದರೆ ನಾವು ಮೇಲಿಂದ ಸೇರಿಸಿಕೊಂಡ ತುಣುಕುಗಳನ್ನೆಲ್ಲ ಬದಿಗಿಟ್ಟು ಪ್ರೋಗ್ರಾಮನ್ನು ಮತ್ತೆ ಶುರು ಮಾಡುವುದು. ಇನ್ನೊಂದು, ಎಲ್ಲ ವಿವರ ಒಂದೇ ಪುಟದಲ್ಲಿ ತೋರಿಸುವುದು.

ಮೊದಲನೆಯದರ ಹೆಸರಿನಲ್ಲೇ ಪಾಠ ಇದೆ. ಇಂಗ್ಲಿಷಿನಲ್ಲಿ ಅದನ್ನು ಮೊದಲು "ಸೇಫ್ ಮೋಡ್" ಎನ್ನುತ್ತಿದ್ದರು, ಈಗ "ಟ್ರಬಲ್‌ಶೂಟ್ ಮೋಡ್" ಎನ್ನುತ್ತಾರೆ. ಬದಲಿಸಿದ್ದು ಒಳ್ಳೆಯದಾಯಿತು. "ಸುರಕ್ಷಿತ" ಎಂಬ ಪದ ನೋಡಿದರೆ ನಮ್ಮವರು ವೈರಸ್ ಬರದ ಹಾಗೆ ಕಾಯುತ್ತದೆ ಎಂದುಕೊಳ್ಳುತ್ತಾರೆ, ಯಾವಾಗಲೂ ಅದರಲ್ಲೇ ಇರೋಣ ಅನ್ನುತ್ತಾರೆ. ಕನ್ನಡದಲ್ಲಿ ನಾನಾದರೆ "ಆಡ್‌ಆನ್ ಇಲ್ಲದೆ ಶುರು ಮಾಡಿ" ಎಂದೇ ಬರೆಯುತ್ತೇನೆ. ಏನಾಗುತ್ತದೋ ಅದೇ ಹೆಸರು.

ಎರಡನೆಯ ಪುಟದಲ್ಲಿ ಆವೃತ್ತಿ, ಖಾತೆಗಳ ಪಟ್ಟಿ, ಸರ್ವರ್ ಹೆಸರು, ಪೋರ್ಟ್, ಆಡ್‌ಆನ್‌ಗಳು, ಮೇಲ್ ಇಟ್ಟಿರುವ ಫೋಲ್ಡರ್ ಎಲ್ಲ ಇವೆ. ಆ ಫೋಲ್ಡರ್ ಪಕ್ಕದಲ್ಲಿ ತೆರೆಯುವ ಗುಂಡಿ ಇದೆ. ಕಂಪ್ಯೂಟರ್ ಬದಲಿಸುವವರಿಗೆ, ಬ್ಯಾಕಪ್ ತೆಗೆಯುವವರಿಗೆ ಇದು ದೊಡ್ಡ ಉಪಕಾರ. ಔಟ್‌ಲುಕ್‌ನಲ್ಲಿ ಈ ಫೈಲ್ ಎಲ್ಲಿದೆ ಎಂದು ತಿಳಿಯಲು ಅಕೌಂಟ್ ಸೆಟ್ಟಿಂಗ್ಸ್ ಒಳಗೆ ಹೋಗಬೇಕು.

ಇನ್ನೂ ಒಂದು ಸಣ್ಣ ಸಂಗತಿ ನನಗೆ ತುಂಬಾ ಹಿಡಿಸಿತು. ಈ ವಿವರಗಳನ್ನು ನಕಲು ಮಾಡಿ ಬೇರೆಯವರಿಗೆ ಕೊಡಬಹುದು. ಆದರೆ ಖಾತೆಯ ಹೆಸರು ಅದರಲ್ಲಿ ಸುಮ್ನೆ ಸೇರಿಕೊಳ್ಳುವುದಿಲ್ಲ, ಬೇಕಿದ್ದರೆ ನಾವೇ ಟಿಕ್ ಹಾಕಬೇಕು. ಹಾಕಿದರೆ, ಇದರಲ್ಲಿ ಗುಟ್ಟಿನ ವಿಷಯ ಇದೆ, ಎಲ್ಲೆಂದರಲ್ಲಿ ಹಾಕಬೇಡಿ ಎಂಬ ಎಚ್ಚರಿಕೆ ಕಾಣುತ್ತದೆ. ಮೇಲ್ ವಿಳಾಸ ಜನರ ಖಾಸಗಿ ವಿಷಯ. ಇದೊಂದನ್ನು ಯಾರು ಬೇಕಾದರೂ ಹಾಗೆಯೇ ತೆಗೆದುಕೊಳ್ಳಬಹುದು.

ಸೇರಿಸುವುದಾದರೆ ನಾನು ಒಂದನ್ನು ಸೇರಿಸುತ್ತೇನೆ: "ಫೈಲ್ ಆಗಿ ಉಳಿಸಿ". ಮೇಲ್ ಹೋಗದವರು ಈ ವಿವರವನ್ನು ಮೇಲ್ ಮಾಡಲಾರರು. ಫೈಲ್ ಇದ್ದರೆ ಪೆನ್‌ಡ್ರೈವ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಕೊಡುತ್ತಾರೆ.

ಉಳಿದ ಸಾಲುಗಳು

ಅಪ್‌ಡೇಟ್ ನೋಡುವುದನ್ನು ಹೆಲ್ಪ್ ಮೆನುವಿನಲ್ಲೇ ಬೇರೆ ಸಾಲಾಗಿ ಇಡಬಹುದು, ಅಥವಾ ಥಂಡರ್‌ಬರ್ಡ್‌ನ ಹಾಗೆ ಅಬೌಟ್ ಕಿಟಕಿಯ ಒಳಗೆ ಸೇರಿಸಬಹುದು. ಆವೃತ್ತಿ ನೋಡಲು ಹೋದವರಿಗೆ ಅಪ್‌ಡೇಟ್ ಕೂಡ ಅಲ್ಲೇ ಸಿಗುವುದರಿಂದ ಎರಡನೆಯದೇ ಮೇಲು.

ದೇಣಿಗೆ ಕೇಳುವ ಸಾಲು ಥಂಡರ್‌ಬರ್ಡ್‌ನಲ್ಲೂ ಇದೆ, ಕೆಮೇಲ್‌ನಲ್ಲೂ ಇದೆ. ಜನರ ದುಡ್ಡಿನಿಂದಲೇ ನಡೆಯುವ ಕೆಲಸ, ಕೇಳುವುದರಲ್ಲಿ ತಪ್ಪಿಲ್ಲ. ಅಬೌಟ್ ಪಕ್ಕದಲ್ಲಿ, ಕೆಳಗಡೆ ಇರಲಿ. ಕಷ್ಟದಲ್ಲಿ ಬಂದವರ ಕಣ್ಣಿಗೆ ಮೊದಲು ಅದು ಬೀಳಬಾರದು. ಕೀಬೋರ್ಡ್ ಶಾರ್ಟ್‌ಕಟ್‌ಗಳ ಪಟ್ಟಿ ಇರಲಿ, ಅದಕ್ಕೂ ನೆಟ್ ಬೇಡ.

ಕನ್ನಡದಲ್ಲಿ ಏನೆಂದು ಬರೆಯುವುದು?

"ಸಹಾಯ" ಅಥವಾ "ನೆರವು". ಅನುವಾದದಲ್ಲಿ ಎರಡೂ ಓಡಾಡುತ್ತವೆ. "ನೆರವು" ನನಗೆ ಇಷ್ಟದ ಪದ. ಆದರೂ ಮೆನುವಿಗೆ "ಸಹಾಯ" ಎಂದೇ ಬರೆಯುತ್ತೇನೆ. "ಸಹಾಯ ಒತ್ತಿ" ಎಂದರೆ ಬೀದರ್‌ನಿಂದ ಮಂಗಳೂರಿನ ತನಕ ಯಾರೂ "ಏನಂದ್ರಿ?" ಎಂದು ತಿರುಗಿ ಕೇಳುವುದಿಲ್ಲ. ಶಾರ್ಟ್‌ಕಟ್ ಅಕ್ಷರಕ್ಕೆ ಇಂಗ್ಲಿಷ್ ಎಚ್ ಅನ್ನೇ ಉಳಿಸಿ, ಪದದ ಪಕ್ಕದಲ್ಲಿ ಕಾಣುವ ಹಾಗೆ ಬರೆಯಿರಿ. ಕನ್ನಡ ಬರೆಯುವವರೂ ಮೆನು ಮುಟ್ಟುವ ಹೊತ್ತಿಗೆ ಬಹಳ ಸಲ ಇಂಗ್ಲಿಷ್ ಕೀಲಿಯಲ್ಲೇ ಇರುತ್ತಾರೆ.

ಸಾಲಿನ ಎತ್ತರವನ್ನೂ ನೋಡಿ. ಇಂಗ್ಲಿಷಿಗೆ ಅಳೆದ ಮೆನುವಿನಲ್ಲಿ ನಮ್ಮ ಒತ್ತಕ್ಷರಗಳ ಬುಡ ಕತ್ತರಿಸಿ ಹೋಗುತ್ತದೆ. "ಟ್ಟ" ಇದ್ದದ್ದು "ಟ" ಆಗಿ ಕಾಣುತ್ತದೆ. "ಕೆಟ್ಟ ಮೇಲ್" ಎಂದು ಟೈಪ್ ಮಾಡಿ ಒಂದು ಸಲ ಕಣ್ಣಿಟ್ಟು ನೋಡಿದರೆ ತಿಳಿಯುತ್ತದೆ.

ಕೆಮೇಲ್ ಮತ್ತು ಅದನ್ನು ಕಟ್ಟುವ ಕೆಡಿಇ ಬಳಗದ ಬೇರೆ ಪ್ರೋಗ್ರಾಂಗಳ ಹೆಲ್ಪ್ ಮೆನುವಿನಲ್ಲಿ ಭಾಷೆ ಬದಲಿಸುವ ಸಾಲು ಇದೆ. ಬೇರೆ ಕಡೆ ಇದನ್ನು ಸೆಟ್ಟಿಂಗ್ಸ್ ಒಳಗೆ ಹೂತಿಡುತ್ತಾರೆ. ನಮಗೆ ಇದು ಹೆಲ್ಪ್‌ನಲ್ಲೇ ಇರಬೇಕು. ಫೋನಿನ ಆ ತುದಿಯವನು ಇಂಗ್ಲಿಷಿನ ಪರದೆ ನೋಡಿ ಹೇಳುತ್ತಿರುತ್ತಾನೆ, ಈ ತುದಿಯವರ ಪರದೆ ಕನ್ನಡದಲ್ಲಿರುತ್ತದೆ. ಅಥವಾ ಉಲ್ಟಾ. ಆಗ ಬದಲಿಸಲು ಬೇಕು, ಕೆಲಸ ಮುಗಿದ ಮೇಲೆ ಮತ್ತೆ ಕನ್ನಡಕ್ಕೆ ತರಲೂ ಬೇಕು. ಆ ಸಾಲನ್ನು ಎರಡೂ ಲಿಪಿಯಲ್ಲಿ ಬರೆಯಿರಿ.

ಇಷ್ಟೆಲ್ಲ ಯೋಚಿಸಿದ ಮೇಲೆ ಏಳು ಸಾಲು ಬರೆದುಕೊಂಡೆ: ಮೇಲ್ ಬರುತ್ತಿಲ್ಲ ಅಥವಾ ಹೋಗುತ್ತಿಲ್ಲ. ಪೂರ್ತಿ ಕೈಪಿಡಿ, ನೆಟ್ ಬೇಕು. ಕೀಬೋರ್ಡ್ ಶಾರ್ಟ್‌ಕಟ್‌ಗಳು. ಆಡ್‌ಆನ್ ಇಲ್ಲದೆ ಶುರು ಮಾಡಿ. ನನ್ನ ಮೇಲ್ ಎಲ್ಲಿದೆ ಮತ್ತು ಇತರ ವಿವರ. ಭಾಷೆ. ಆವೃತ್ತಿ ಮತ್ತು ದೇಣಿಗೆ. ಕಾಗದದ ಮೇಲೆ ಗೆರೆ ಹಾಕಿ ಪರದೆಯ ಹಾಗೆ ಬರೆದು, ದೀಪಾವಳಿಗೆ ಹೋದಾಗ ಮಾವನ ಕೈಗೆ ಕೊಟ್ಟೆ. ನಾನು ಪಕ್ಕದ ಕೋಣೆಗೆ ಹೋಗಿ ಫೋನ್ ಮಾಡಿದೆ. "ಮಾವ, ಮೇಲ್ ಬರ್ತಿಲ್ಲ ಅಂದ್ಕೊಳ್ಳಿ. ಯಾವುದನ್ನ ಒತ್ತುತ್ತೀರಿ?" ಮಾತು ಮುಗಿಯುವ ಮೊದಲೇ ಮೊದಲ ಸಾಲು ಎಂದರು. ಆವೃತ್ತಿಯೂ ಸಿಕ್ಕಿತು. ಐದನೆಯದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನ್ನ ಮೇಲ್ ಎಲ್ಲಿದೆ ಅಂತ ಬರೆದಿದ್ದೀಯಲ್ಲ, ಇದನ್ನ ಎರಡನೇದಕ್ಕೆ ತಗೊಂಡು ಬಾ" ಎಂದರು. ತಂದಿದ್ದೇನೆ.